ಶಿಕ್ಷೆ ಕೊಡುವಾಗ ಮನಸ್ಸು ಹಾಕುವ ಲೆಕ್ಕ

ತಪ್ಪು ಮಾಡಿದವರಿಗೆ ಶಿಕ್ಷೆ ಯಾಕೆ ಬೇಕು? ‘ಉಳಿದವರು ಹೆದರಬೇಕು’ ಅಂತ ತುಂಬಾ ಜನ ಹೇಳುತ್ತಾರೆ. ಹಾಗಾದರೆ ಸುಲಭವಾಗಿ ಪತ್ತೆಯಾಗದ ಅಪರಾಧಕ್ಕೆ ಶಿಕ್ಷೆ ಜಾಸ್ತಿ ಇರಬೇಕು, ಅಲ್ವಾ? 2002ರಲ್ಲಿ ಕಾರ್ಲ್‌ಸ್ಮಿತ್, ಡಾರ್ಲಿ, ರಾಬಿನ್ಸನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಶಿಕ್ಷೆ ನಿರ್ಧರಿಸುವಾಗ ಜನ ಪತ್ತೆಯ ಕಷ್ಟವನ್ನು ಗಮನಿಸಲೇ ಇಲ್ಲ ಅನ್ನಬಹುದು. ಕೃತ್ಯ ಎಷ್ಟು ಕೆಟ್ಟದ್ದು, ಯಾವ ಉದ್ದೇಶಕ್ಕೆ ಮಾಡಿದ್ದು ಅನ್ನುವುದನ್ನೇ ನೋಡಿದರು. ಬಾಯಲ್ಲಿ ಭಯದ ಮಾತು, ಮನಸ್ಸಿನಲ್ಲಿ ‘ಮಾಡಿದ್ದುಣ್ಣೋ ಮಹರಾಯ’!

ಈ ಸಿಟ್ಟಿಗೆ ನಾವು ಕೈಯಿಂದ ದುಡ್ಡು ಕೊಡಲೂ ತಯಾರು. ಅದೇ ವರ್ಷ ಫೆರ್ ಮತ್ತು ಗೆಕ್ಟರ್ ಜ್ಯೂರಿಕ್‌ನಲ್ಲಿ ವಿದ್ಯಾರ್ಥಿಗಳಿಗೆ ಒಂದು ಆಟ ಆಡಿಸಿದರು. ಗುಂಪಿನಲ್ಲಿ 4 ಜನ, ಪ್ರತಿಯೊಬ್ಬರಿಗೂ 20 ಅಂಕ, ಕೊನೆಗೆ ಅಂಕಕ್ಕೆ ತಕ್ಕ ನಿಜವಾದ ದುಡ್ಡು. ಸಾಮಾನ್ಯ ನಿಧಿಗೆ 1 ಅಂಕ ಹಾಕಿದರೆ ನಾಲ್ವರಿಗೂ ತಲಾ 0.4 ಬರುತ್ತದೆ. ಅಂದರೆ ಗುಂಪಿಗೆ ಒಟ್ಟು 1.6 ಸಿಗುತ್ತದೆ, ಹಾಕಿದವರಿಗೆ ಮಾತ್ರ 0.6 ನಷ್ಟ. ಏನೂ ಹಾಕದೆ ಸುಮ್ನೆ ಕೂತವರಿಗೇ ಹೆಚ್ಚು ಲಾಭ. ಆಮೇಲೆ ದಂಡದ ನಿಯಮ ಬಂತು: ನೀವು 1 ಅಂಕ ಖರ್ಚು ಮಾಡಿದರೆ ಎದುರಿನವರು 3 ಕಳೆದುಕೊಳ್ಳುತ್ತಾರೆ. ಗುಂಪು ಪ್ರತಿ ಸುತ್ತಿಗೂ ಬದಲಾಗುತ್ತಿತ್ತು, ಹಾಗಾಗಿ ದಂಡ ಹಾಕಿದವರಿಗೆ ಮುಂದೆ ಅದರಿಂದ ಲಾಭವೇ ಇಲ್ಲ. ಆದರೂ ಹೆಚ್ಚಿನವರು ದಂಡ ಹಾಕಿದರು, ನಿಧಿಯೂ ಬೆಳೆಯಿತು.

ಹಾಗಂತ ಇದು ಎಲ್ಲ ಮನುಷ್ಯರಿಗೂ ಒಂದೇ ಸ್ವಭಾವ ಅಂದುಕೊಳ್ಳಬೇಡಿ. ಬೇರೆಯವರ ತಪ್ಪಿಗೆ ಅವರ ಕೆಟ್ಟ ಗುಣವೇ ಕಾರಣ ಅನ್ನುವವರು ಕಠಿಣ ಶಿಕ್ಷೆ ಕೇಳುತ್ತಾರೆ. ಪರಿಸ್ಥಿತಿಯೂ ಕಾರಣ ಅನ್ನುವವರು ಸುಧಾರಣೆಯ ಕಡೆ ವಾಲುತ್ತಾರೆ. ಬೆಳೆದ ಸಮಾಜವೂ ಅಷ್ಟೇ ಮುಖ್ಯ. 2008ರಲ್ಲಿ ಹೆರ್ಮನ್, ಥೋನಿ, ಗೆಕ್ಟರ್ ಈ ಬಗೆಯ ಆಟವನ್ನು ಗುಂಪು ಬದಲಿಸದೆ 16 ಕಡೆಯ ವಿದ್ಯಾರ್ಥಿಗಳಿಗೆ ಆಡಿಸಿದರು. ಬಾಸ್ಟನ್, ಮೆಲ್ಬರ್ನ್‌ಗಳಲ್ಲಿ ದಂಡ ಬಿದ್ದದ್ದು ಹೆಚ್ಚಾಗಿ ಕಡಿಮೆ ಹಾಕಿದವರಿಗೆ. ಅಥೆನ್ಸ್, ಮಸ್ಕತ್‌ಗಳಲ್ಲಿ ತಮಗಿಂತ ಜಾಸ್ತಿ ಹಾಕಿದವರಿಗೂ ಹಲವರು ದಂಡ ಹಾಕಿದರು! ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಅಚ್ಚರಿ ತಂದದ್ದು ಇದೇ. ಹಿಂದೆ ತನಗೆ ಬಿದ್ದ ದಂಡಕ್ಕೆ ಸೇಡು ಇದರ ಒಂದು ಕಾರಣ ಇರಬಹುದು. ಕಾನೂನಿನ ಆಡಳಿತ ದುರ್ಬಲವಾಗಿರುವ ಕಡೆ, ತೆರಿಗೆ ತಪ್ಪಿಸುವಂಥದ್ದನ್ನು ಜನ ದೊಡ್ಡ ತಪ್ಪೆಂದು ನೋಡದ ಕಡೆ ಈ ತಲೆಕೆಳಗು ದಂಡ ಹೆಚ್ಚಿತ್ತು. ಅದು ಜಾಸ್ತಿ ಇದ್ದಲ್ಲಿ ದಂಡದ ಅವಕಾಶ ಕೊಟ್ಟರೂ ಸಹಕಾರ ಅಷ್ಟಾಗಿ ಬೆಳೆಯಲಿಲ್ಲ.