ದೊಡ್ಡಮ್ಮ ರೇಡಿಯೋ ಸಣ್ಣ ಮಾಡಿಸುತ್ತಿದ್ದ ಹೊತ್ತು

ಸುರತ್ಕಲ್‌ನ ನನ್ನ ದೊಡ್ಡಮ್ಮ ಮೂವತ್ತು ವರ್ಷಕ್ಕೂ ಜಾಸ್ತಿ ಬೀಡಿ ಕಟ್ಟಿದವರು. ಜಗಲಿಯಲ್ಲಿ ಕಾಲು ಚಾಚಿ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡರೆ ಆಯಿತು, ಕೈ ಶುರು. ಅಳತೆಗೆ ಕತ್ತರಿಸಿದ ಎಲೆ, ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ, ಬೆರಳುಗಳ ನಡುವೆ ಒಂದು ಉರುಳು, ತುದಿ ಮಡಚಿ ಒಂದು ಸುತ್ತು ನೂಲು. ಇಷ್ಟೆಲ್ಲ ಆಗುವಾಗ ಅವರ ಕಣ್ಣು ಗೇಟಿನ ಕಡೆ ಇರುತ್ತಿತ್ತು. ಕಿವಿ ಮಾತ್ರ ಕಿಟಕಿಯ ದಂಡೆಯ ಮೇಲಿದ್ದ ರೇಡಿಯೋದ ಕಡೆ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ತುಳು ಹಾಡು, ಕೊಂಕಣಿ ಕಾರ್ಯಕ್ರಮ, ಯಕ್ಷಗಾನ, ವಾರ್ತೆ, ಏನು ಬಂದರೂ ಅವರ ಕೈ ನಿಲ್ಲುತ್ತಿರಲಿಲ್ಲ.

ಆದರೆ ಸಂಜೆ ಕಟ್ಟು ಎಣಿಸಲು ಕೂತರೆ ದಿನವೂ ಒಂದೇ ಮಾತು: "ಒಂತೆ ಕಮ್ಮಿ ಮಲ್ಪು ಮಗಾ." ನಾನು ಎದ್ದು ಹೋಗಿ ರೇಡಿಯೋ ಸಣ್ಣ ಮಾಡುತ್ತಿದ್ದೆ. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಣಿಕೆ ತಪ್ಪಿದರೆ ನಷ್ಟ ಅವರಿಗೇ.

ಇದೆಲ್ಲ ನೆನಪಾದದ್ದು ಮಂಗಳೂರಿನಲ್ಲಿ ನಾನು ಹಿಂದೆ ಲೆಕ್ಕಪತ್ರ ನೋಡುತ್ತಿದ್ದ ಒಂದು ಆಫೀಸಿನಲ್ಲಿ. ಒಂದು ಸೋಮವಾರ ಬೆಳಗ್ಗೆ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು: ಕೆಲಸದ ಹೊತ್ತಿನಲ್ಲಿ ಇಯರ್‌ಫೋನ್ ಹಾಕುವಂತಿಲ್ಲ. ಯಾಕೆ, ಯಾರಿಗೆ, ಯಾವ ಕೆಲಸಕ್ಕೆ ಅಂತ ಏನೂ ಇಲ್ಲ. ವೋಚರ್ ಎಂಟ್ರಿ ಮಾಡುವ ಹುಡುಗರ ಮುಖ ಸಪ್ಪಗಾಯಿತು. "ಹಾಡು ಕೇಳುತ್ತಾ ಯಾವ ಕೆಲಸ ಆಗುತ್ತದೆ?" ಅಂತ ಹಿರಿಯರೊಬ್ಬರು ಕೇಳಿದರು. ಅವರು ತಮ್ಮ ವಾದ ಮುಗಿಸಲು ಹಾಗೆ ಕೇಳಿದ್ದು. ಆದರೆ ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಅದಕ್ಕೆ ವಿಜ್ಞಾನದಲ್ಲಿ ಉತ್ತರವೂ ಇದೆ.

ನಮ್ಮ ಕಡೆ ಕೆಲಸ ಮತ್ತು ಹಾಡು ಯಾವತ್ತೂ ಬೇರೆ ಬೇರೆ ಇರಲಿಲ್ಲ. ತುಳುನಾಡಿನ ಗದ್ದೆಗಳಲ್ಲಿ ಹೆಂಗಸರು ನೇಜಿ ನೆಡುವಾಗ ಒಬ್ಬರು ಪಾಡ್ದನದ, ಅಂದರೆ ಕಥೆ ಹೇಳುವ ತುಳು ಜನಪದ ಹಾಡಿನ, ಸಾಲು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಗದ್ದೆ ಕೆಲಸದ ಇನ್ನೊಂದು ಹಾಡು ಓಬೇಲೆಯೂ ಹಾಗೆಯೇ. ಬಗ್ಗಿದ ಬೆನ್ನು, ಕೆಸರಿನಲ್ಲಿ ಹೂತ ಕಾಲು, ಗಂಟೆಗಟ್ಟಲೆ ಒಂದೇ ಚಲನೆ. ಅಲ್ಲಿ ಹಾಡು ಎರಡು ಕೆಲಸ ಮಾಡುತ್ತದೆ. ಹತ್ತು ಕೈಗಳನ್ನು ಒಂದೇ ಲಯಕ್ಕೆ ತರುತ್ತದೆ. ಮತ್ತೆ, ಬೇಸರವನ್ನು ದೂರ ಇಡುತ್ತದೆ.

ಬೇಸರವನ್ನು ಸಣ್ಣ ವಿಷಯ ಅಂದುಕೊಳ್ಳಬಾರದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಅದೇ ದೊಡ್ಡ ತಲೆನೋವಾಗಿತ್ತು. 1940ರ ಜೂನ್ 23ರಂದು ಬಿಬಿಸಿ ಕಾರ್ಖಾನೆ ಕೆಲಸಗಾರರಿಗೆಂದೇ ಒಂದು ಸಂಗೀತ ಕಾರ್ಯಕ್ರಮ ಶುರು ಮಾಡಿತು. ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ. ಇದು 1967ರವರೆಗೂ ನಡೆಯಿತು. ಅದನ್ನು ರೂಪಿಸಿದವರ ಜಾಣತನ ನನಗೆ ತುಂಬಾ ಇಷ್ಟ. ದಿನವಿಡೀ ಹಾಡು ಹಾಕಲಿಲ್ಲ, ಮನಸ್ಸು ಜೋಲುವ ಹೊತ್ತು ನೋಡಿ ಹಾಕಿದರು. ಧ್ವನಿ ಒಮ್ಮೆ ಮೆಲ್ಲಗೆ, ಒಮ್ಮೆ ಜೋರು ಆಗದ ಹಾಗೆ ನೋಡಿಕೊಂಡರು. ಮಾತಿಗಿಂತ ವಾದ್ಯಕ್ಕೆ, ಎಲ್ಲರಿಗೂ ಗೊತ್ತಿರುವ ಧಾಟಿಗೆ ಜಾಸ್ತಿ ಜಾಗ ಕೊಟ್ಟರು. ನಡುವೆ ಚಪ್ಪಾಳೆ ಬರುವ ಒಂದು ಹಾಡನ್ನು ಕೈಬಿಡಲೇಬೇಕಾಯಿತು, ಯಾಕೆಂದರೆ ಕೆಲಸಗಾರರು ಕೆಲಸ ಬಿಟ್ಟು ಕೈಯಲ್ಲಿದ್ದ ಸ್ಪ್ಯಾನರ್‌ನಿಂದಲೇ ತಾಳ ಹಾಕುತ್ತಿದ್ದರು.

ಒಂದೇ ಕೆಲಸ ಮತ್ತೆ ಮತ್ತೆ ಮಾಡುವಾಗ ಮಿದುಳಿನ ಎಚ್ಚರ ಕುಸಿಯುತ್ತದೆ. ಎಚ್ಚರ ತೀರಾ ಕಮ್ಮಿಯಾದರೂ ಕೆಲಸ ಕೆಡುತ್ತದೆ, ತೀರಾ ಜಾಸ್ತಿಯಾದರೂ ಕೆಡುತ್ತದೆ. ನಡುವಿನ ಒಂದು ಹದದಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಬೆಳೆದ ಮಾತು ಇದು. ಇನ್ನೊಂದು ವಿಷಯವೂ ಅದರಲ್ಲಿದೆ: ಕೆಲಸ ಕಷ್ಟದ್ದಾದಷ್ಟೂ ಆ ಹದ ಕೆಳಗಿಳಿಯುತ್ತದೆ. ಗೇರುಬೀಜ ಸಿಪ್ಪೆ ಸುಲಿಯುವಾಗ, ಪೆಟ್ಟಿಗೆಗೆ ಲೇಬಲ್ ಹಚ್ಚುವಾಗ ಹಾಡು ಆ ಎಚ್ಚರವನ್ನು ಎತ್ತಿ ಹದಕ್ಕೆ ತರುತ್ತದೆ. ಈಗಾಗಲೇ ತಲೆಬಿಸಿಯಾಗಿರುವ ಕೆಲಸದಲ್ಲಿ ಅದೇ ಹಾಡು ಹದ ಮೀರಿಸುತ್ತದೆ.

ಹಾಗಾದರೆ ಎಣಿಸುವ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಏನಾಗುತ್ತಿತ್ತು? ನನಗೆ ಎಲ್ಲಕ್ಕಿಂತ ಕುತೂಹಲ ಇರುವುದು ಇಲ್ಲಿ.

ಯಾರಾದರೂ ನಿಮಗೆ ಒಂದು ಫೋನ್ ನಂಬರ್ ಹೇಳಿದರು ಅಂದುಕೊಳ್ಳಿ. ಬರೆದುಕೊಳ್ಳಲು ಪೆನ್ನಿಲ್ಲ. ಪೆನ್ನು ಹುಡುಕುವಷ್ಟು ಹೊತ್ತು ಏನು ಮಾಡುತ್ತೀರಿ? ಒಳಗೊಳಗೇ ಆ ನಂಬರನ್ನು ಹೇಳಿಕೊಳ್ಳುತ್ತಾ ಇರುತ್ತೀರಿ, ಅಲ್ವಾ? ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇಂಥ ತಾತ್ಕಾಲಿಕ ನೆನಪಿನ ಒಂದು ಚಿತ್ರ ಕೊಟ್ಟರು. ಅದರಲ್ಲಿ ಸದ್ದನ್ನು ಕೆಲವೇ ಸೆಕೆಂಡು ಹಿಡಿದಿಟ್ಟು, ಮತ್ತೆ ಮತ್ತೆ ತಿರುಗಿಸುವ ಒಂದು ಭಾಗವಿದೆ. ಎಣಿಸುವಾಗ, ಅಂಕಿ ತಾಳೆ ಹಾಕುವಾಗ, ಓದುವಾಗ, ಪತ್ರದ ಸಾಲು ಕಟ್ಟುವಾಗ ನಾವು ಬಳಸುವುದು ಅದನ್ನೇ. ಬೀಡಿ ಸುತ್ತುವ ಬೆರಳಿಗೆ ಅದು ಬೇಡ. ಹಾಡಿನ ಮಾತುಗಳು ಕಿವಿಯಿಂದ ಹೊರಟು ಹೇಳದೆ ಕೇಳದೆ ನುಗ್ಗುವುದೂ ಅದೇ ಜಾಗಕ್ಕೆ. ದೊಡ್ಡಮ್ಮ ಮನಸ್ಸಿನಲ್ಲಿ "ಹದಿನೇಳು, ಹದಿನೆಂಟು" ಅನ್ನುವಾಗ ಭಾಗವತರ ಪದ ಬಂದು ಪಕ್ಕದಲ್ಲೇ ಕೂರುತ್ತಿತ್ತು.

ಪಿಯರ್ ಸಲಾಮೆ ಎಂಬ ವಿಜ್ಞಾನಿಯ ಜೊತೆ ಸೇರಿ ಬ್ಯಾಡ್ಲಿ 1989ರಲ್ಲಿ ಇದನ್ನು ಸಂಗೀತದಿಂದಲೇ ನೋಡಿದರು. ಅಂಕಿಗಳನ್ನು ತೋರಿಸಿದ ಕ್ರಮದಲ್ಲೇ ನೆನಪಿಟ್ಟು ಹೇಳಬೇಕು. ಹಿಂದಿನಿಂದ ಹಾಡು ಕೇಳುತ್ತಿದ್ದಾಗ ತಪ್ಪು ಜಾಸ್ತಿ. ಬರೀ ವಾದ್ಯ ಇದ್ದಾಗ ಕಮ್ಮಿ.

"ಹಾಗಾದರೆ ಗೊತ್ತಿಲ್ಲದ ಭಾಷೆಯ ಹಾಡು ಹಾಕಿದರಾಯಿತಲ್ಲ" ಅಂತ ಯಾರಿಗಾದರೂ ಅನ್ನಿಸುತ್ತದೆ. ಮಂಗಳೂರಿನವರಿಗೆ ಅದೂ ಸುಲಭವಿಲ್ಲ ನೋಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್, ಸಿನಿಮಾದಲ್ಲಿ ಹಿಂದಿ. ಗಡಿ ಹತ್ತಿರ ಇರುವುದರಿಂದ ಮಲಯಾಳಂ ಕೂಡ ಅರ್ಧಕ್ಕರ್ಧ ತಿಳಿಯುತ್ತದೆ. ಆದರೆ ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ಪೂರ್ತಿ ಬಚಾವಾಗುವುದಿಲ್ಲ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಸಂಶೋಧಕರು ಜರ್ಮನ್ ಬಾರದ ವಿದ್ಯಾರ್ಥಿಗಳಿಗೆ ಜರ್ಮನ್ ಓದನ್ನು ಕೇಳಿಸಿದರು. ಅವರ ನೆನಪೂ ಎಡವಿತು. ಅರ್ಥ ಮಾತ್ರ ತೊಂದರೆ ಕೊಡುವುದಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಸದ್ದೇ ಎಣಿಕೆಯ ಸರಣಿಗೆ ಅಡ್ಡ ಬರುತ್ತದೆ. ಒಂದೇ ಸಮ ಬರುವ ಫ್ಯಾನಿನ ಸದ್ದು, ಆಟಿ ತಿಂಗಳ ಜಡಿಮಳೆಯ ಸದ್ದು ಹಾಗೆ ಕಾಡುವುದಿಲ್ಲ. ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಲೆಕ್ಕ ಮಾಡಿದವರಿಗೆ ಇದು ಗೊತ್ತು.

ಇನ್ನೊಂದು ಫಲಿತಾಂಶ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿತು. ಇಷ್ಟದ ಹಾಡು ತೊಂದರೆ ಮಾಡಲಾರದು ಅಂತ ನಾನು ನಂಬಿದ್ದೆ. ಪರ್‌ಹ್ಯಾಮ್ ಮತ್ತು ವಿಝಾರ್ಡ್ ಪ್ರಕಟಿಸಿದ 2011ರ ಅಧ್ಯಯನದಲ್ಲಿ, ಇಂಥ ಕ್ರಮದ ನೆನಪಿನ ಕೆಲಸವನ್ನು ಇಷ್ಟದ ಹಾಡು ಮತ್ತು ಇಷ್ಟವಿಲ್ಲದ ಹಾಡು ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೆಡಿಸಿದವು.

ಹಾಗಂತ ಇಷ್ಟಕ್ಕೆ ಬೆಲೆಯೇ ಇಲ್ಲ ಅಂತಲ್ಲ. 1994ರಲ್ಲಿ ಅಮೆರಿಕದಲ್ಲಿ 50 ಶಸ್ತ್ರವೈದ್ಯರ ಮೇಲೆ ಒಂದು ಪ್ರಯೋಗ ನಡೆಯಿತು. ಒತ್ತಡದಲ್ಲಿ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಬೇಕು. ತಾವೇ ಆರಿಸಿದ ಸಂಗೀತ ಇದ್ದಾಗ ಅವರ ನಾಡಿ, ರಕ್ತದೊತ್ತಡ ಕಮ್ಮಿ ಏರಿತು. ಲೆಕ್ಕವೂ ಚೆನ್ನಾಗಿ ಬಂತು. ಬೇರೆಯವರು ಆರಿಸಿದ ಸಂಗೀತಕ್ಕೆ ಅಷ್ಟು ಗುಣ ಬರಲಿಲ್ಲ. ಒಂದು ಮಾತು ನೆನಪಿಡಬೇಕು: ಆ ವೈದ್ಯರೆಲ್ಲ ಆಪರೇಷನ್ ಮಾಡುವಾಗ ಹಾಡು ಕೇಳುವುದನ್ನು ಮೊದಲೇ ರೂಢಿ ಮಾಡಿಕೊಂಡವರು. 2005ರಲ್ಲಿ ಕೆನಡಾದ ತೆರೇಸಾ ಲೆಸ್ಯುಕ್ ನಾಲ್ಕು ಸಾಫ್ಟ್‌ವೇರ್ ಕಂಪನಿಗಳ 56 ಮಂದಿಯನ್ನು ಐದು ವಾರ ಗಮನಿಸಿದರು. ಹಾಡು ಕೇಳುತ್ತಿದ್ದವರಿಗೆ ಹಾಡು ನಿಲ್ಲಿಸಿದ ವಾರದಲ್ಲಿ ಉತ್ಸಾಹ ಇಳಿಯಿತು, ಕೆಲಸದ ಗುಣಮಟ್ಟವೂ ಇಳಿಯಿತು. ಅಮೆರಿಕದ ಒಂದು ಕಂಪನಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 256 ನೌಕರರ ಪೈಕಿ 75 ಮಂದಿಗೆ ನಾಲ್ಕು ವಾರ ಹೆಡ್‌ಫೋನ್ ಹಾಕಲು ಬಿಟ್ಟರು. ಹೆಚ್ಚು ಲಾಭ ಕಂಡದ್ದು ಸರಳ ಕೆಲಸ ಮಾಡುವವರಲ್ಲಿ. ದೊಡ್ಡಮ್ಮನ ಜಗಲಿಯಲ್ಲಿ ನಾನು ನೋಡಿದ್ದೂ ಅದೇ.

ಸುಮ್ನೆ ಮೌನದ ಜೊತೆ ಹಾಡನ್ನು ಹೋಲಿಸುವುದೂ ತಪ್ಪು. ನಮ್ಮ ಆಫೀಸಿನಲ್ಲಿ ಮೌನ ಎಲ್ಲಿತ್ತು? ಪಕ್ಕದ ಟೇಬಲ್‌ನವರು ಫೋನಿನಲ್ಲಿ "ಹೌದಾ? ಮತ್ತೆ? ಅಯ್ಯೋ, ಯಾವಾಗ?" ಅನ್ನುತ್ತಿದ್ದರೆ ಕಿವಿ ಅತ್ತಲೇ ಹೋಗುತ್ತಿತ್ತು. ಇದಕ್ಕೂ ಕಾರಣ ಸಿಕ್ಕಿದೆ. ಇಬ್ಬರು ಎದುರುಬದುರು ಮಾತಾಡುವುದು ಕೇಳಿಸಿದರೆ ಆಗುವುದಕ್ಕಿಂತ, ಫೋನಿನ ಒಂದೇ ಕಡೆಯ ಮಾತು ಕೇಳಿಸಿದರೆ ಗಮನ ಜಾಸ್ತಿ ಕೆಡುತ್ತದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಮುಂದಿನ ಮಾತು ಏನಿರಬಹುದು ಅಂತ ಮಿದುಳು ಊಹಿಸುತ್ತಾ ಹೋಗುತ್ತದೆ. ಅರ್ಧ ಮಾತಿನಲ್ಲಿ ಊಹೆ ಕೂರುವುದಿಲ್ಲ. ಅಂಥ ಕಡೆ ಇಯರ್‌ಫೋನಿನಲ್ಲಿ ಬರುವ ಕೊಳಲೋ ವೀಣೆಯೋ ಒಂದು ಗೋಡೆ ಇದ್ದ ಹಾಗೆ. ಆ ನೋಟಿಸು ಕಿತ್ತುಹಾಕಿದ್ದು ಈ ಗೋಡೆಯನ್ನು. ಅದು ಅನ್ಯಾಯ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಬೇಡ ಅನ್ನಲೇಬೇಕಾದ ಜಾಗಗಳೂ ಇವೆ. ಬಂದರಿನಲ್ಲಿ ಕ್ರೇನ್ ಕೆಳಗೆ, ಫೋರ್ಕ್‌ಲಿಫ್ಟ್ ಓಡಾಡುವ ಗೋದಾಮಿನಲ್ಲಿ, ಮರ ಕೊಯ್ಯುವ ಮಿಲ್ಲಿನಲ್ಲಿ ಎಚ್ಚರಿಕೆಯ ಕೂಗು ಕಿವಿಗೆ ಬೀಳದಿದ್ದರೆ ಜೀವಕ್ಕೇ ಅಪಾಯ. ಯಂತ್ರದ ಸದ್ದು ಮುಳುಗಿಸಲು ಹಾಡು ಜೋರು ಮಾಡುವುದಂತೂ ಕಿವಿಗೆ ಎರಡು ಪಟ್ಟು ಏಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಪೂರ್ತಿ ಜೋರು ಮಾಡಿದರೆ ಕೆಲವು ಇಯರ್‌ಫೋನ್‌ಗಳು 100 ಡೆಸಿಬೆಲ್ ದಾಟುತ್ತವೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ.

ಆ ಆಫೀಸು ಬಿಟ್ಟ ಮೇಲೆ ಸೇರಿದ ಕಡೆ ಇಂಥ ನೋಟಿಸು ಇರಲಿಲ್ಲ. ಅಲ್ಲಿ ನಾನೂ ಒಬ್ಬ ಗೆಳೆಯನೂ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಎರಡು ವಾರ, ಒಂದು ದಿನ ಬಿಟ್ಟು ಒಂದು ದಿನ ಹಾಡು. ಸಂಜೆ ಹೋಗುವ ಮೊದಲು ಅವತ್ತು ಎಷ್ಟು ಕೆಲಸ ಆಯಿತು, ಎಷ್ಟು ತಪ್ಪು ತಿದ್ದಬೇಕಾಯಿತು ಅಂತ ಡೈರಿಯಲ್ಲಿ ಗುರುತು. ಇಬ್ಬರ ಲೆಕ್ಕವನ್ನು ವಿಜ್ಞಾನ ಅನ್ನಲಾಗದು, ಆದರೆ ನಮ್ಮ ಕೆಲಸಕ್ಕೆ ಸಾಕು. ವೋಚರ್ ಎಂಟ್ರಿ ಮಾಡುವ ಅವನಿಗೆ ಹಾಡಿದ್ದ ದಿನ ತಪ್ಪು ಏರಲಿಲ್ಲ, ಕೆಲಸ ಬೇಗ ಮುಗಿಯಿತು. ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ಅಂಕಿ ತಾಳೆ ಹಾಕುವ ನನಗೆ ಹಾಡಿದ್ದ ದಿನ ಒಂದೇ ಪುಟವನ್ನು ಎರಡೆರಡು ಸಲ ನೋಡಬೇಕಾಯಿತು. ಈಗ ಅವನು ಬೆಳಗ್ಗೆಯಿಂದಲೇ ಇಯರ್‌ಫೋನ್ ಹಾಕಿ ಕೂರುತ್ತಾನೆ. ನಾನು ಲೆಡ್ಜರ್ ಮುಚ್ಚಿ ಫೈಲಿಗೆ ಕಾಗದ ಪೋಣಿಸಲು ಕೂತ ಮೇಲೆ ಹಾಕಿಕೊಳ್ಳುತ್ತೇನೆ. ಜಿಎಸ್‌ಟಿ ರಿಟರ್ನ್ ಕಟ್ಟುವ ತಿಂಗಳ 20ನೇ ತಾರೀಕು ಮಾತ್ರ ಇಬ್ಬರ ಇಯರ್‌ಫೋನೂ ಡ್ರಾಯರಿನಲ್ಲೇ ಇರುತ್ತದೆ.