ಎರೆಮಣ್ಣಿನ ಮೇಲೆ ನಿಂತ ಸಾರುವೆ

ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರೊಂದನ್ನು ದೊಡ್ಡ ದುರಸ್ತಿಗೆ ನಿಲ್ಲಿಸಿದಾಗ, ತಣ್ಣಗಾದ ಕುಲುಮೆಯೊಳಗೆ ಸಾರುವೆ, ಅಂದರೆ ಆಳುಗಳು ನಿಂತು ಕೆಲಸ ಮಾಡಲು ಪೈಪು-ಹಲಗೆಗಳಿಂದ ಕಟ್ಟುವ ಅಟ್ಟಣಿಗೆ, ಏಳದೆ ಬೇರೆ ಕೆಲಸ ಏರುವುದಿಲ್ಲ. ಗೋಡೆಯ ಕೊಳವೆಗಳು ಎಷ್ಟು ಸವೆದಿವೆ ಎಂದು ಅಳೆಯುವವರು, ತೂತುಬಿದ್ದ ಕೊಳವೆ ಕತ್ತರಿಸಿ ಬೆಸೆಯುವ ವೆಲ್ಡರುಗಳು, ಎಲ್ಲರೂ ನಿಲ್ಲುವುದು ಸಾರುವೆಯವರು ಹಾಸಿದ ಹಲಗೆಯ ಮೇಲೆ. ಕೊಪ್ಪಳದಲ್ಲಿ ಎರಡಂತಸ್ತಿನ ಮನೆಗೆ ಪ್ಲಾಸ್ಟರ್ ಮಾಡುವ ಗೌಂಡಿಯ ಪಾಡೂ ಇದೇ. ಆದರೂ ಕಟ್ಟಡಕ್ಕೆ ನಕ್ಷೆ, ಲೆಕ್ಕ ಎಲ್ಲ ಇರುತ್ತದೆ. ಸಾರುವೆಯನ್ನು ಮಾತ್ರ ಬಹಳ ಕಡೆ ಕಣ್ಣಳತೆಗೆ ಬಿಡುತ್ತಾರೆ. ಇದು ದೊಡ್ಡ ತಪ್ಪು.

ಸಾರುವೆಯ ಪೈಪಿನ ಹೊರವ್ಯಾಸ 48.3 ಮಿ.ಮೀ., ದಪ್ಪ ಸಾಮಾನ್ಯವಾಗಿ 3.2 ಅಥವಾ 4 ಮಿ.ಮೀ. 3.2 ಮಿ.ಮೀ. ದಪ್ಪದ ಆರು ಮೀಟರ್ ಪೈಪು ಸುಮಾರು 21 ಕೆ.ಜಿ. ತೂಗುತ್ತದೆ. ನಿಲುವು ಪೈಪು ಸೋಲುವುದು ಭಾರಕ್ಕೆ ಜಜ್ಜಿಹೋಗಿ ಅಲ್ಲ, ಪಕ್ಕಕ್ಕೆ ಬಾಗಿ. ಜೋಳದ ದಂಟಿನ ಗೇಣುದ್ದದ ತುಂಡನ್ನು ಎರಡು ಅಂಗೈ ನಡುವೆ ಹಿಡಿದು ಒತ್ತಿ ನೋಡಿ, ಗಟ್ಟಿಯಾಗಿ ನಿಲ್ಲುತ್ತದೆ. ಮಾರುದ್ದದ ದಂಟನ್ನು ಹಾಗೇ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ಇದರ ಸೂತ್ರವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕೊಟ್ಟ: ಆಸರೆಯಿಲ್ಲದ ಉದ್ದ ಎರಡರಷ್ಟಾದರೆ ಹೊರುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 3.2 ಮಿ.ಮೀ. ದಪ್ಪದ ನಿಲುವು ಪೈಪಿಗೆ ಪ್ರತಿ ಎರಡು ಮೀಟರಿಗೊಂದು ಅಡ್ಡ ಪೈಪು ಬಿಗಿದಿದ್ದರೆ, ಬಾಗುವ ಮಿತಿ ಸೂತ್ರದ ಪ್ರಕಾರ ಸುಮಾರು ಆರು ಟನ್. ನಡುವಿನ ಅಡ್ಡ ಪೈಪೊಂದನ್ನು ತೆಗೆದರೆ ಒಂದೂವರೆ ಟನ್. ಪೈಪು ಡೊಂಕಾಗಿದ್ದರೆ, ತುಕ್ಕು ತಿಂದಿದ್ದರೆ ಅದೂ ಇಲ್ಲ. ಸೈಟಿನಲ್ಲಿ ಈ ಮಿತಿಯ ಹತ್ತಿರವೂ ಹೋಗಬಾರದು. ಮರಳಿನ ಗಾಡಿ ಒಳಗೆ ಹೋಗಲಿ ಎಂದು ಬಿಚ್ಚುವುದು ಕೆಳಗಿನ ಅಡ್ಡ ಪೈಪನ್ನೇ. ಮೇಲಿನ ಅಷ್ಟೂ ಭಾರ ಬಂದು ಸೇರುವ ಜಾಗವೂ ಅದೇ!

ಓರೆ ಪೈಪಿನ ಕೆಲಸ ಬೇರೆ. ನುಲಿ ಸಡಿಲಾದ ಹೊರಸು ಹೇಗೆ ಒಂದು ಕಡೆ ವಾಲುತ್ತದೋ, ನಿಲುವು ಮತ್ತು ಅಡ್ಡ ಪೈಪುಗಳಷ್ಟೇ ಇರುವ ಚೌಕಟ್ಟೂ ಹಾಗೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಓರೆ ಪೈಪು ಬಿಗಿದರೆ ತ್ರಿಕೋನಗಳಾಗುತ್ತವೆ. ಪೈಪಿನ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ಇವನ್ನು ಹಿಡಿದಿಡುವ ಕ್ಲಾಂಪಿಗೆ ಮೊಳೆಯಿಲ್ಲ, ಬೆಸುಗೆಯಿಲ್ಲ, ಬರೀ ಘರ್ಷಣೆ. 25 ಸೆಂ.ಮೀ. ಸ್ಪ್ಯಾನರಿನ ತುದಿಗೆ ಸುಮಾರು 20 ಕೆ.ಜಿ. ಬಲ ಹಾಕಿ ಬಿಗಿದರೆ, ಗಟ್ಟಿಯಾದ ಕ್ಲಾಂಪು 600 ಕೆ.ಜಿ.ಯಷ್ಟು ಜಾರದೆ ಹಿಡಿಯುತ್ತದೆ. ಬೋಲ್ಟಿನ ಎಳೆಗಳಲ್ಲಿ ಸಿಮೆಂಟ್ ಹಾಲು ಒಣಗಿ ಕೂತಿದ್ದರೆ ಕೈಗೆ ಬಿಗಿ ಅನಿಸುತ್ತದೆ, ಪೈಪಿಗೆ ಬಿಗಿಯಾಗಿರುವುದಿಲ್ಲ. ಅದಕ್ಕೇ ಒಳ್ಳೆಯ ಸಾರುವೆ ಮೇಸ್ತ್ರಿ ಕ್ಲಾಂಪುಗಳಿಗೆ ತಂತಿಬ್ರಷ್ ಹಾಕಿಸಿ, ಬೋಲ್ಟಿನ ಎಳೆಗಳಿಗೆ ಎಣ್ಣೆ ಹಾಕಿಸುತ್ತಾನೆ. ಅವನ ಕಸುಬುದಾರಿಕೆ ಕಾಣುವುದು ಅಲ್ಲಿ.

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹೆಚ್ಚು ಕಾಡುವುದು ನೆಲ. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿಯಲ್ಲಿ ಅಷ್ಟು ಚಿಂತೆಯಿಲ್ಲ. ಎರೆ, ಅಂದರೆ ಕಪ್ಪು ಮಣ್ಣು, ಹಾಗಲ್ಲ: ಬೇಸಿಗೆಯಲ್ಲಿ ಕಲ್ಲಿನಂತೆ ಒಣಗಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಒಂದು ನಿಲುವು ಪೈಪಿನ ಮೇಲೆ ಒಂದು ಟನ್ ಭಾರವಿದೆ ಎಂದುಕೊಳ್ಳಿ. ಅದರಡಿಯ 15 ಸೆಂ.ಮೀ. ಚೌಕದ ತಗಡಿನ ವಿಸ್ತಾರ 225 ಚದರ ಸೆಂ.ಮೀ.; ನೆಲದ ಮೇಲೆ ಪ್ರತಿ ಚದರ ಸೆಂ.ಮೀ.ಗೆ 4.4 ಕೆ.ಜಿ. ಒತ್ತಡ. ನೆನೆದ ಎರೆಗೆ ಒಂದು ಕೆ.ಜಿ.ಯೂ ಹೆಚ್ಚೇ. ತಗಡಿನ ಕೆಳಗೆ 22 ಸೆಂ.ಮೀ. ಅಗಲದ ದಪ್ಪ ಹಲಗೆ ಹಾಸಿ, ಪ್ರತಿ ಪೈಪಿಗೆ 75 ಸೆಂ.ಮೀ. ಉದ್ದ ಸಿಗುವಂತೆ ಮಾಡಿದರೆ ಒತ್ತಡ 0.6 ಕೆ.ಜಿ.ಗೆ ಇಳಿಯುತ್ತದೆ. ಹಲಗೆಯ ಬದಲು ಒಡೆದ ಇಟ್ಟಿಗೆ ಇಟ್ಟರೆ ಅದು ಸೀಳುತ್ತದೆ, ಇಲ್ಲವೇ ಮಣ್ಣಿಗಿಳಿಯುತ್ತದೆ. ಒಂದು ಕಾಲು ಕುಸಿದರೆ ಅದರ ಭಾರ ಪಕ್ಕದ ಕಾಲುಗಳಿಗೆ ಹೋಗುತ್ತದೆ. ಕ್ಯೂರಿಂಗ್ ನೀರು ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡುವುದೂ ಸಾರುವೆಯ ಕೆಲಸವೇ. ಮಳೆ ಬಂದ ಮರುದಿನ ಬುಡ ನೋಡದೆ ಯಾರನ್ನೂ ಹತ್ತಿಸಬಾರದು.

ಹಲಗೆಯ ಮೇಲಿನ ಲೆಕ್ಕ ಸುಲಭ. ಎರಡು ಮೀಟರ್ ಉದ್ದ, 1.2 ಮೀಟರ್ ಅಗಲದ ಒಂದು ಅಂಕಣ, ಅಂದರೆ ನಿಲುವು ಪೈಪುಗಳ ನಡುವಿನ ಒಂದು ಮನೆ, ಚದರ ಮೀಟರಿಗೆ 200 ಕೆ.ಜಿ. ಹೊರುವುದಾದರೆ ಒಟ್ಟು 480 ಕೆ.ಜಿ. ಮೂರು ಕೆ.ಜಿ.ಯ ನೂರು ಇಟ್ಟಿಗೆ, ಇಬ್ಬರು ಆಳು ಅಂದರೆ ಅಲ್ಲಿಗೆ ಹೆಚ್ಚುಕಡಿಮೆ ಭರ್ತಿ. ಗಾರೆಯ ಬುಟ್ಟಿಗಳನ್ನು ಯಾರೂ ಎಣಿಸುವುದಿಲ್ಲ.

ಧೂಳು ಹಾರದಿರಲೆಂದು ಕಟ್ಟುವ ಹಸಿರು ಬಟ್ಟೆ ಗಾಳಿಗೆ ಪಟವಿದ್ದಂತೆ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 24 ಕೆ.ಜಿ. ಒತ್ತುತ್ತದೆ. 20 ಮೀಟರ್ ಉದ್ದ, 10 ಮೀಟರ್ ಎತ್ತರದ ಬಟ್ಟೆಯಲ್ಲಿ ಸಂದಿಯೇ ಇಲ್ಲದಿದ್ದರೆ ಒಟ್ಟು ಐದು ಟನ್ನಿನ ಹತ್ತಿರ. ಇದನ್ನು ತಡೆಯುವುದು ಸಾರುವೆಯನ್ನು ಕಟ್ಟಡಕ್ಕೆ ಬಿಗಿಯುವ ಕಟ್ಟುಗಳು. ಕೊನೆಯಲ್ಲಿ ಪೇಂಟರ್‌ಗಳು ಕಿಟಕಿಗೆ ಅಡ್ಡ ಬರುತ್ತದೆಂದು ಬಿಚ್ಚುವುದೂ ಇವನ್ನೇ. ಬಿಚ್ಚುವ ಕೆಲಸ ಮೇಲಿನಿಂದ ಕೆಳಕ್ಕೆ, ಕಟ್ಟಿದ್ದಕ್ಕೆ ಉಲ್ಟಾ ಕ್ರಮದಲ್ಲಿ ನಡೆಯಬೇಕು. ಮೇಲಿನ ಅಂತಸ್ತು ಇಳಿಯುವವರೆಗೆ ಅದರ ಕೆಳಗಿನ ಕಟ್ಟು ಮುಟ್ಟಬಾರದು. ಪೈಪನ್ನು ಎಸೆಯದೆ ಕೈಯಿಂದ ಕೈಗೆ, ಇಲ್ಲವೇ ಹಗ್ಗದಲ್ಲಿ ಇಳಿಸಬೇಕು. ಎಸೆದ ಪೈಪು ಡೊಂಕಾಗುತ್ತದೆ. ಮುಂದಿನ ಸೈಟಿನಲ್ಲಿ ಅದೇ ಪೈಪು ನಿಲುವಿಗೆ ನಿಲ್ಲುತ್ತದೆ.