ಕೃಷ್ಣಮೃಗಕ್ಕೆ ಐಎಸ್‌ಒ 100 ಯಾಕೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು. ಬೆಳಗ್ಗೆ ಆರೂವರೆ. ಗಂಡು ಕೃಷ್ಣಮೃಗವೊಂದು ಛಂಗನೆ ನೆಗೆಯಿತು. ಪಕ್ಕದಲ್ಲಿದ್ದ ಹುಡುಗ ಫೋಟೊ ತೆಗೆದು ತೋರಿಸಿದ. ಹುಲ್ಲು ಸ್ಪಷ್ಟವಾಗಿತ್ತು, ಕೃಷ್ಣಮೃಗ ಮಾತ್ರ ಒಂದು ಕಪ್ಪು ಗೀಟು. ಷಟರ್ ತೆರೆದಿದ್ದು ಸೆಕೆಂಡಿನ 1/60 ಭಾಗ, ಐಎಸ್‌ಒ (ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ಓದಬೇಕೆಂಬ ಸಂಖ್ಯೆ) 100. "ನೂರು ದಾಟಿದ್ರೆ ನಾಯ್ಸ್ ಬರುತ್ತೆ, ಚಿತ್ರ ಕಾಳುಕಾಳಾಗುತ್ತೆ ಅಂತಾರಲ್ವಾ ಸಾರ್" ಎಂದ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಸಂಖ್ಯೆಗೆ ಹೆದರಿ ಚಿತ್ರವನ್ನೇ ಕಳೆದುಕೊಳ್ಳುವುದೂ ಮೂಢನಂಬಿಕೆಯೇ.

ಫಿಲ್ಮಿನ ಕಾಲದಲ್ಲಿ ಆ ಭಯಕ್ಕೆ ಅರ್ಥವಿತ್ತು. ಹೆಚ್ಚು ವೇಗದ, ಅಂದರೆ ಕಡಿಮೆ ಬೆಳಕಿಗೂ ಸ್ಪಂದಿಸುವ ಫಿಲ್ಮಿನಲ್ಲಿ ಬೆಳ್ಳಿಯ ಹರಳುಗಳೇ ದಪ್ಪ, ಚಿತ್ರವೂ ಕಾಳುಕಾಳು. 1974ರಲ್ಲಿ ಫಿಲ್ಮಿನ ಈ ವೇಗವನ್ನು ಹೇಳುವ ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಅಳತೆಗಳು ಸೇರಿ ಐಎಸ್‌ಒ ಆಯಿತು. ಡಿಜಿಟಲ್ ಕ್ಯಾಮೆರಾಕ್ಕೆ ಆ ಹೆಸರೇ ಬಂತು, ಒಳಗಿನ ಕೆಲಸ ಮಾತ್ರ ಬೇರೆ.

ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಸೆನ್ಸರ್ ಅಂದರೆ ಅಂಗಳದಲ್ಲಿ ಸಾಲಾಗಿ ಇಟ್ಟ ಲೋಟಗಳು ಅಂದುಕೊಳ್ಳಿ. ಬೆಳಕು ಮಳೆ. ಜೋರು ಮಳೆಗೆ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ನಾಲ್ಕು ಹನಿ ಉದುರಿ ನಿಂತುಹೋದರೆ? ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಏಳು. ಈ ಏರುಪೇರೇ ನಾಯ್ಸ್. ಬೆಳಕಿನ 10,000 ಕಣ ಬಿದ್ದಲ್ಲಿ ಏರುಪೇರು ಅದರ ವರ್ಗಮೂಲ, ಅಂದರೆ 100. ನೂರಕ್ಕೆ ಒಂದು ಪಾಲು. ಬರೀ 100 ಕಣ ಬಿದ್ದರೆ ಏರುಪೇರು 10. ನೂರಕ್ಕೆ ಹತ್ತು! ಕಣ್ಣಿಗೆ ಹೊಡೆಯುತ್ತದೆ.

ಐಎಸ್‌ಒ ಏರಿಸಿದರೆ ಮಳೆ ಜಾಸ್ತಿಯಾಗುವುದಿಲ್ಲ. ಬಿದ್ದಷ್ಟನ್ನೇ ಹಿಗ್ಗಿಸಿ ಓದುತ್ತದೆ. ಜಾತ್ರೆಯ ನಾಟಕದ ಮೈಕನ್ನು ನೆನೆಸಿಕೊಳ್ಳಿ. ಪಾತ್ರಧಾರಿ ದೂರ ನಿಂತು ಮೆಲ್ಲಗೆ ಮಾತಾಡಿದರೆ ವಾಲ್ಯೂಮ್ ತಿರುಗಿಸಿದಾಗ ಮಾತಿನ ಜೊತೆ ಸುತ್ತಲಿನ ಗದ್ದಲವೂ ಏರುತ್ತದೆ. ಆದರೆ ಮಾತನ್ನು ಮೈಕಿನ ಹತ್ತಿರವೇ ದೊಡ್ಡದು ಮಾಡಿ ಕಳಿಸಿದರೆ, ಮುಂದೆ ವೈರಿನಲ್ಲಿ ಸೇರುವ ಗೊರಗೊರ ಕೇಳಿಸುವುದೇ ಇಲ್ಲ. ಕ್ಯಾಮೆರಾದ ಸರ್ಕೀಟೂ ಹೀಗೇ ತನ್ನ ಗೊರಗೊರ ಸೇರಿಸುತ್ತದೆ. ಅದಕ್ಕೇ ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವುದಕ್ಕಿಂತ ಕ್ಯಾಮೆರಾದಲ್ಲೇ ಐಎಸ್‌ಒ ಏರಿಸುವುದು ಎಷ್ಟೋ ಸಲ ಮೇಲು.

ಹಾಗಾದರೆ ಬೇಸ್ ಐಎಸ್‌ಒಗೆ, ಅಂದರೆ ಸೆನ್ಸರಿನ ಸಹಜ ಐಎಸ್‌ಒಗೆ, ಯಾಕಿಷ್ಟು ಮರ್ಯಾದೆ? ಅಲ್ಲಿ ಲೋಟವನ್ನು ಕಂಠಪೂರ್ತಿ ತುಂಬಿಸಬಹುದು. ಬೇಸ್ 100 ಇರುವ ಕ್ಯಾಮೆರಾವನ್ನು 800ಕ್ಕೆ ಇಟ್ಟರೆ, ಎಂಟನೇ ಒಂದು ಭಾಗ ತುಂಬುತ್ತಲೇ ಕ್ಯಾಮೆರಾ ಅದನ್ನು ಅಚ್ಚ ಬಿಳಿ ಎಂದು ಓದಿಬಿಡುತ್ತದೆ. ಬಹಳ ಕ್ಯಾಮೆರಾಗಳಲ್ಲಿ ಬೇಸ್ 100, ನಿಕಾನ್ ಡಿ850ರಲ್ಲಿ 64. ಅದಕ್ಕೂ ಕೆಳಗಿನ 'ಲೋ' ಸೆಟ್ಟಿಂಗ್ ಹೆಸರಿಗಷ್ಟೇ. ದುಪ್ಪಟ್ಟು ಬೆಳಕು ಸುರಿದು ಆಮೇಲೆ ಲೆಕ್ಕವನ್ನು ಅರ್ಧ ಮಾಡುತ್ತದೆ. ನಂದಿ ಬೆಟ್ಟದ ಬೆಳಗಿನ ಮೋಡಕ್ಕೆ ಅದನ್ನು ಹಾಕಬೇಡಿ. ಲೋಟದಿಂದ ಉಕ್ಕಿಹೋದ ಬಿಳುಪಿನ ವಿವರ ವಾಪಸ್ ಬರುವುದಿಲ್ಲ. ಕದಲದ ಬೆಟ್ಟಕ್ಕೆ ಟ್ರೈಪಾಡ್ ಹಾಕಿ, ಬೇಸ್‌ನಲ್ಲಿಟ್ಟು, ಷಟರನ್ನು ಬೇಕಾದಷ್ಟು ಹೊತ್ತು ತೆರೆದಿಡಿ.

ಕೃಷ್ಣಮೃಗ ಹಾಗೆ ನಿಲ್ಲುತ್ತದೆಯೇ? ಹುಡುಗನಿಗೆ ಷಟರ್ 1/1000, ಐಎಸ್‌ಒ 1600 ಹಾಕಿಸಿದೆ. ಮುಂದಿನ ನೆಗೆತಕ್ಕೆ ಹತ್ತು ನಿಮಿಷ ಕಾದೆವು. ಈ ಸಲ ಹೊಟ್ಟೆಯಡಿಯ ನೆರಳಲ್ಲಿ ನಾಯ್ಸ್ ಇತ್ತು, ನಿಜ. ಅವನು ಚಿತ್ರವನ್ನು ಹಿಗ್ಗಿಸಿ ಕೊಂಬಿನ ಉಂಗುರಗಳನ್ನು ಎಣಿಸುತ್ತಿದ್ದ.